ಹಾರ್ಟ್ಸ್ ಆಫ್ ಐರನ್ 4: ಉತ್ತರವಿಲ್ಲದ ಕಣ್ಮರೆಗೆ ಈ ಆಟದಲ್ಲಿ ಜಾಗವಿದೆಯೇ?

ಎರಡನೆಯ ಮಹಾಯುದ್ಧದ ಕಂಪ್ಯೂಟರ್ ಆಟ ಹಾರ್ಟ್ಸ್ ಆಫ್ ಐರನ್ 4 ಬಂದದ್ದು 2016ರ ಜೂನ್ 6ರಂದು. ಅದರ ಡಿವಿಷನ್, ಟ್ಯಾಂಕ್, ಯುದ್ಧರಂಗದ ಬಗ್ಗೆ ಈಗ ಹೊಸದಾಗಿ ಹೇಳಬೇಕಾದದ್ದು ಕಡಿಮೆ. ಇಲ್ಲಿ ನೋಡುತ್ತಿರುವುದು ಆಟದ ಒಂದೇ ಭಾಗವನ್ನು: ಈವೆಂಟ್. ಪರದೆಯ ನಡುವೆ ತೆರೆದುಕೊಂಡು, ನಾಲ್ಕು ಸಾಲು ಸುದ್ದಿ ಹೇಳಿ, ಎರಡು ಆಯ್ಕೆ ಮುಂದಿಡುವ ಆ ಕಿಟಕಿ. ಅದರ ಸತ್ವ ಪರೀಕ್ಷೆಗೆ ಅಮೆರಿಕದ ವಿಮಾನ ಚಾಲಕಿ ಅಮೇಲಿಯಾ ಇಯರ್‌ಹಾರ್ಟ್ ಕಣ್ಮರೆಯೇ ಸರಿಯಾದ ವಿಷಯ. ಆಟಕ್ಕೆ ಎಲ್ಲದಕ್ಕೂ ಒಂದು ಫಲಿತಾಂಶ ಬೇಕು, ಈ ಘಟನೆಗೆ ಫಲಿತಾಂಶವೇ ಇಲ್ಲ.

1937ರ ಜುಲೈ 2ರಂದು ಇಯರ್‌ಹಾರ್ಟ್ ಮತ್ತು ನ್ಯಾವಿಗೇಟರ್ ಫ್ರೆಡ್ ನೂನನ್ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನದಲ್ಲಿ ನ್ಯೂಗಿನಿಯ ಲೇ ಪಟ್ಟಣ ಬಿಟ್ಟರು. ಗುರಿ ಸುಮಾರು 4,100 ಕಿ.ಮೀ. ದೂರದ ಹೌಲ್ಯಾಂಡ್ ದ್ವೀಪ. ಅದರ ಉದ್ದ ಮೂರು ಕಿ.ಮೀ. ಸಹ ಇಲ್ಲ, ಸಮುದ್ರಮಟ್ಟದಿಂದ ಎತ್ತರ ಕೆಲವೇ ಮೀಟರ್. ಅಲ್ಲಿ ಕಾಯುತ್ತಿದ್ದ ಕೋಸ್ಟ್ ಗಾರ್ಡ್ ಹಡಗು ಇಟಾಸ್ಕಾಗೆ ಆಕೆಯ ದನಿ ರೇಡಿಯೋದಲ್ಲಿ ಸ್ಪಷ್ಟವಾಗಿ ಕೇಳಿತು. 7:42ಕ್ಕೆ: ನಿಮ್ಮ ಮೇಲೆಯೇ ಇರಬೇಕು, ಕಾಣುತ್ತಿಲ್ಲ, ಇಂಧನ ಮುಗಿಯುತ್ತ ಬಂದಿದೆ, 1,000 ಅಡಿಯಲ್ಲಿದ್ದೇವೆ. 8:43ಕ್ಕೆ: 157–337 (ದಿಕ್ಸೂಚಿಯ ಡಿಗ್ರಿ) ರೇಖೆಯ ಮೇಲಿದ್ದೇವೆ. ಹಡಗಿನ 7500 ಕಿಲೋಸೈಕಲ್ ರೇಡಿಯೋ ಸಂಕೇತ ಆಕೆಗೆ ಒಮ್ಮೆ ಕೇಳಿಸಿದರೂ ದಿಕ್ಕು ಹಿಡಿಯಲಾಗಲಿಲ್ಲ. ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್ ಸೇರಿಕೊಂಡ ಹುಡುಕಾಟ ಜುಲೈ 19ಕ್ಕೆ ನಿಂತಿತು. ಏನೂ ಸಿಗಲಿಲ್ಲ.

ಆಟದ ಫೈಲುಗಳಲ್ಲಿ ನಾವೇ ಈವೆಂಟ್ ಬರೆದು ಸೇರಿಸಬಹುದು. ಇದನ್ನು ಈವೆಂಟ್ ಮಾಡಲು ಹಣ ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗವಾದ ಯಾವ ಡಿಎಲ್‌ಸಿಯೂ ಬೇಡ, ಮೂಲ ಆಟ ಸಾಕು. ಮೊದಲ ತಪ್ಪು ಆಗುವುದು ದಿನಾಂಕದಲ್ಲಿ. ‘ಮೀನ್ ಟೈಮ್ ಟು ಹ್ಯಾಪನ್’ (ಈವೆಂಟ್ ಬರಲು ಹಿಡಿಯುವ ಕಾಲ) ಕೊಟ್ಟರೆ ಅದು ಬರೀ ಸರಾಸರಿ. ಸುದ್ದಿ ಆಗಸ್ಟಿಗೆ ಬಂದರೂ ಬಂದೀತು. ಅದರ ಬದಲು ‘ಈಸ್ ಟ್ರಿಗರ್ಡ್ ಓನ್ಲಿ’ (ತಾನಾಗಿ ಬಾರದೆ, ಕರೆದಾಗ ಮಾತ್ರ ಬರಲಿ) ಹಾಕಿ, ಆಟ ಶುರುವಾದಾಗ ನಡೆಯುವ ಆಜ್ಞೆಗಳ ಪಟ್ಟಿ ‘ಆನ್ ಸ್ಟಾರ್ಟಪ್’ನಿಂದ ಅಮೆರಿಕಕ್ಕೆ ದಿನ ಎಣಿಸಿ ಕಳುಹಿಸಬೇಕು. ಆಟ ಶುರುವಾಗುವ 1936ರ ಜನವರಿ 1ರಿಂದ ಎಣಿಸಿದರೆ ಗೋಡೆ ಕ್ಯಾಲೆಂಡರ್ 548 ಎನ್ನುತ್ತದೆ. ಆಟದಲ್ಲಿ ಅಧಿಕ ವರ್ಷವಿಲ್ಲ, ಫೆಬ್ರವರಿ 29 ಬರುವುದೇ ಇಲ್ಲ. ಆದ್ದರಿಂದ 547 ಬರೆಯಿರಿ. ಜೊತೆಗೆ ಆಟದ ಆರಂಭದ ದಿನಾಂಕ 1937ಕ್ಕಿಂತ ಮೊದಲಿನದು ಎಂಬ ಷರತ್ತು ಇರಲೇಬೇಕು. ಇಲ್ಲದಿದ್ದರೆ 1939ರ ಆರಂಭ ಆರಿಸಿದವರಿಗೆ ಇಯರ್‌ಹಾರ್ಟ್ 1941ರಲ್ಲಿ ಕಾಣೆಯಾಗುತ್ತಾಳೆ. ‘ಆನ್ ಸ್ಟಾರ್ಟಪ್’ ಹೊಸ ಆಟಕ್ಕೆ ಮಾತ್ರ. ಹಳೆಯ ಸೇವ್ ತೆರೆದು ಕಾದು ಪ್ರಯೋಜನವಿಲ್ಲ.

ಇನ್ನು ಆಯ್ಕೆಗಳು. ಜಪಾನ್ ಸೆರೆಹಿಡಿಯಿತು ಎಂಬ ಊಹೆಯನ್ನು ನಂಬಿ ಅಮೆರಿಕದ ಕೈಗೆ ಯುದ್ಧದ ನೆಪ ಕೊಡುವುದು ಸುಲಭ, ಆದರೆ ಅದು ಇತಿಹಾಸಕ್ಕೂ ಆಟಕ್ಕೂ ಮಾಡುವ ಅನ್ಯಾಯ. ಪುರಾವೆ ಇಲ್ಲದ ಊಹೆ ನಕ್ಷೆಯಲ್ಲಿ ಸತ್ಯವಾಗಿಬಿಡುತ್ತದೆ, 1937ರಲ್ಲೇ ಪೆಸಿಫಿಕ್ ಸಮತೋಲ ಕೆಡುತ್ತದೆ. ಬೆಲೆ ಕಟ್ಟಬೇಕಾದದ್ದು ಹುಡುಕಾಟಕ್ಕೆ. ನೌಕಾಪಡೆ ಕಳುಹಿಸಿದರೆ 34 ಪೊಲಿಟಿಕಲ್ ಪವರ್ (ಸರ್ಕಾರದ ನಿರ್ಧಾರಗಳಿಗೆ ಖರ್ಚಾಗುವ ಅಂಕ) ಕಳೆಯಿರಿ: ದಿನಕ್ಕೆ 2ರ ಮೂಲ ದರದಲ್ಲಿ ಅದು ಸರಿಯಾಗಿ 17 ದಿನದ ಗಳಿಕೆ, ಜುಲೈ 2ರಿಂದ 19ರವರೆಗಿನ ದಿನಗಳೂ ಅಷ್ಟೇ. ಇಂಧನ ಕಳೆದರೆ ಅಮೆರಿಕದ ಆಟಗಾರನಿಗೆ ತಟ್ಟುವುದೇ ಇಲ್ಲ, ಅಷ್ಟು ಎಣ್ಣೆ ಇದೆ. ಕೋಸ್ಟ್ ಗಾರ್ಡಿಗೇ ಬಿಟ್ಟರೆ ಸ್ಟೆಬಿಲಿಟಿ (ದೇಶದೊಳಗಿನ ಸ್ಥಿರತೆ) ಶೇ. 1 ಇಳಿಯಲಿ. ಹದಿನೇಳನೆಯ ದಿನ ಎರಡನೆಯ ಈವೆಂಟ್, ಅದರಲ್ಲಿ ಒಂದೇ ಗುಂಡಿ: ‘ಶೋಧ ನಿಲ್ಲಿಸಿ’. ಹಡಗು ಕಳುಹಿಸಿದವರಿಗೆ 5 ನೌಕಾ ಅನುಭವ ಸಿಗಲಿ, ಬೇರೇನೂ ಬೇಡ. ಆ ಒಂಟಿ ಗುಂಡಿ ಒತ್ತುವಾಗ ಆಟಗಾರನ ಕೈ ಒಂದು ಕ್ಷಣ ತಡೆಯುತ್ತದೆ. ಈ ಆಟದ ಈವೆಂಟ್ ಪದ್ಧತಿಯ ನಿಜವಾದ ಬಲ ಇರುವುದು ಅಲ್ಲೇ.

ಮುಂಬಯಿಯಲ್ಲಿ ಕುಳಿತು ಬ್ರಿಟಿಷ್ ರಾಜ್ (ಆಟದಲ್ಲಿ ಭಾರತ) ಆಡುವವರಿಗೆ ಬೇರೆ ಪಠ್ಯ ತೋರಿಸಬಹುದು. ವಿವರಣೆಗೆ ದೇಶದ ಷರತ್ತು ಹಾಕಿದರಾಯಿತು. ಅದಕ್ಕೆ ಕಾರಣವೂ ಇದೆ. ಜೂನ್ 15ಕ್ಕೆ ಆಕೆ ಕರಾಚಿಯಲ್ಲಿ ಇಳಿದು, 17ಕ್ಕೆ ಕಲ್ಕತ್ತೆಗೆ ಹಾರಿದ್ದಳು. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಟಪಾಲು ಹೊತ್ತು ನಮ್ಮ ಜುಹೂಗೆ ಹಾರಿಬಂದದ್ದು ಅದೇ ಕರಾಚಿಯಿಂದ. ಬರೆಯುವಾಗ ‘ಮುಂಬಯಿ ಪ್ರಾಂತ್ಯದ ಕರಾಚಿ’ ಎನ್ನಬೇಡಿ, 1936ರ ಏಪ್ರಿಲ್ 1ಕ್ಕೇ ಸಿಂಧ್ ಬೇರೆಯಾಗಿತ್ತು.

ಆಟದ ದೊಡ್ಡ ಕೊರತೆ ನಮ್ಮ ಲಿಪಿ. ಕನ್ನಡ ಅದರ ಭಾಷಾಪಟ್ಟಿಯಲ್ಲಿಲ್ಲ, ಫಾಂಟಿನಲ್ಲೂ ಇಲ್ಲ. ಒತ್ತಕ್ಷರ, ಕಾಗುಣಿತ ಮೂಡುವುದಿಲ್ಲ. ಇಷ್ಟು ಹಣ ಕೊಟ್ಟು ಕೊಳ್ಳುವ ಆಟದಲ್ಲಿ ಇದು ಬೇಸರದ ಸಂಗತಿ. ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕು. ಪಠ್ಯದ ಫೈಲನ್ನು ಬಿಓಎಂ (ಫೈಲಿನ ಮೊದಲಲ್ಲಿ ಸೇರುವ ಗುರುತು) ಇರುವ ಯುಟಿಎಫ್-8ರಲ್ಲಿ ಉಳಿಸಿ, ಮರೆತರೆ ವಾಕ್ಯದ ಜಾಗದಲ್ಲಿ ಬರೀ ಕೀ (ಫೈಲಿನೊಳಗೆ ಆ ವಾಕ್ಯಕ್ಕಿಟ್ಟ ಗುರುತು) ಹೆಸರು ಕಾಣುತ್ತದೆ. ಮಾಟುಂಗ, ಠಾಣೆ, ಡೊಂಬಿವಲಿಯ ಗೆಳೆಯರು ಒಟ್ಟಿಗೆ ಆಡುವುದಾದರೆ ಎಲ್ಲರ ಆಟದ ಫೈಲುಗಳ ಗುರುತು ಸಂಖ್ಯೆಯಾದ ಚೆಕ್‌ಸಮ್ ಒಂದೇ ಇರಬೇಕು. ಈವೆಂಟ್ ಫೈಲ್ ತಿದ್ದಿದರೆ ಅದು ಬದಲಾಗುತ್ತದೆ, ಅಚೀವ್‌ಮೆಂಟೂ ಸಿಗುವುದಿಲ್ಲ. ಪಠ್ಯದ ಫೈಲ್ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಒಬ್ಬರ ಪರದೆಯಲ್ಲಿ ಇಂಗ್ಲಿಷ್, ಇನ್ನೊಬ್ಬರದರಲ್ಲಿ ಕನ್ನಡ ಇದ್ದರೂ ಆಟ ನಡೆಯುತ್ತದೆ.

ಇತಿಹಾಸದ ಗೀಳಿರುವವರು ಮೂಲ ಆಟವನ್ನು ಧೈರ್ಯವಾಗಿ ಕೊಳ್ಳಬಹುದು. ಡಿಎಲ್‌ಸಿಗೆ ಸ್ಟೀಮ್ ಸೇಲ್ ಬರುವವರೆಗೆ ಕಾಯಿರಿ. ಇದೇ ಫೈಲಿನಲ್ಲಿ ಇನ್ನಿಬ್ಬರಿಗೂ ಜಾಗವಿದೆ: ದಕ್ಷಿಣ ಅಟ್ಲಾಂಟಿಕ್ ಮೇಲೆ 1936ರ ಡಿಸೆಂಬರ್ 7ರಂದು ಕಾಣೆಯಾದ ಫ್ರೆಂಚ್ ವಿಮಾನ ಚಾಲಕ ಜಾನ್ ಮೆರ್ಮೋಜ್, ಫ್ರಾನ್ಸಿಗೆ 340 ದಿನ, ಮಾಸ್ಕೋದಿಂದ 1937ರ ಆಗಸ್ಟ್ 12ರಂದು ಉತ್ತರ ಧ್ರುವದತ್ತ ಹೊರಟು ಕಾಣೆಯಾದ ಸೋವಿಯತ್ ಚಾಲಕ ಲೆವಾನೆವ್‌ಸ್ಕಿ, ಸೋವಿಯತ್ ಒಕ್ಕೂಟಕ್ಕೆ 588 ದಿನ. ಅಲಹಾಬಾದಿನಿಂದ ಸಿಂಗಪುರಕ್ಕೆ ಹಾರುತ್ತ 1935ರ ನವೆಂಬರ್ 8ರಂದು ಅಂಡಮಾನ್ ಸಮುದ್ರದ ಮೇಲೆ ಇಲ್ಲವಾದ ಆಸ್ಟ್ರೇಲಿಯದ ಚಾಲಕ ಕಿಂಗ್ಸ್‌ಫರ್ಡ್ ಸ್ಮಿತ್‌ಗೆ ಮಾತ್ರ ಈವೆಂಟ್ ಬರೆಯಲಾಗದು. ಆಟ ಶುರುವಾಗುವುದೇ ಅದಾದ ಎರಡು ತಿಂಗಳಿಗೆ.