ಕ್ಯಾಪಿಬರಾ ಬಂದಾಗ ನಾನು ನಕ್ಕುಬಿಟ್ಟಿದ್ದೆ: ಶೀಟ್ ಲಿಂಕ್ ಹಂಚುವ ಮಾಸ್ತರರಿಗೆ

ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ. ಆದರೆ ಹೋದ ವಾರ ಪಕ್ಕದ ತಾಲ್ಲೂಕಿನ ಗೆಳೆಯರೊಬ್ಬರು ತಮ್ಮ ಕ್ಲಾಸಿನ ಗೂಗಲ್ ಶೀಟ್ ಲಿಂಕ್ ಕಳಿಸಿ "ಹೆಂಗದ ನೋಡ್ರಿ" ಅಂದರು. ಒತ್ತಿದೆ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ನಲವತ್ತು ಮಕ್ಕಳ ಹೆಸರು, ಜಾತಿ, ಅಪ್ಪಂದಿರ ಮೊಬೈಲ್ ನಂಬರ್ ಎಲ್ಲ ಕಣ್ಣ ಮುಂದೆ ಬಿತ್ತು. ನಾನೂ ಇದನ್ನೇ ಮಾಡಿದ್ದೆ. ಅದರಿಂದ ಏನಾಯಿತು ಅಂತ ಹೇಳಿಬಿಡುತ್ತೇನೆ.

ನಾನು ಯಾದಗಿರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆ. ಆಮೇಲೆ ಶುರುವಾಯಿತು ನೋಡಿ ಓಟ. ಬೆಳಿಗ್ಗೆ ಕ್ಲಾಸು, ಸಂಜೆ ಕ್ಲಾಸು, ವಾರಕ್ಕೊಂದು ಟೆಸ್ಟು, ಪ್ರತಿ ಟೆಸ್ಟಿಗೂ ವರದಿ. ಹತ್ತಿ ಬಿಡಿಸುವ ಕಾಲದಲ್ಲಿ ಅರ್ಧ ಕ್ಲಾಸು ಹೊಲದಲ್ಲಿರುತ್ತೆ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ದುಡಿಯೋಕೆ ಹೋಗಿರುತ್ತಾರೆ, ಮಗು ಅಜ್ಜಿ ಹತ್ತಿರ. ಅವರಿಗೆಲ್ಲ ಅಂಕ ತಿಳಿಸಬೇಕಲ್ಲ, ಫೋನಿನಲ್ಲೇ ನೋಡಿಕೊಳ್ಳಲಿ ಅಂತ ಒಂದು ಗೂಗಲ್ ಶೀಟ್ ಮಾಡಿದೆ. 54 ಮಕ್ಕಳು, ಒಬ್ಬರಿಗೆ ಒಂದು ಸಾಲು.

ಅಲ್ಲಿಗೆ ನಿಲ್ಲಿಸಿದ್ದರೆ ಅರ್ಧ ತಪ್ಪು ಮಾತ್ರ ಆಗ್ತಿತ್ತು. ಅದೇ ಹೊತ್ತಿಗೆ ವಿದ್ಯಾರ್ಥಿವೇತನ ಬಾರದವರ ಪಟ್ಟಿ ಮಾಡಬೇಕಿತ್ತು. ಹೇಗೂ ಶೀಟ್ ಇದೆ, ಒಂದೇ ಸಲಕ್ಕೆ ಆಗಲಿ ಅಂತ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಕೊಡುವ ಗುರುತಿನ ಸಂಖ್ಯೆ), ಮನೆಯವರ ಮೊಬೈಲ್, ಆಧಾರ್, ಬ್ಯಾಂಕ್ ಖಾತೆ, ಇಷ್ಟಕ್ಕೂ ಕಾಲಂ ಹಾಕಿದೆ. ಎಷ್ಟೋ ಮಕ್ಕಳಿಗೆ ಜಿಮೇಲ್ ಇರಲಿಲ್ಲ. ಹಾಗಾಗಿ ಶೇರ್ ಬಟನ್ ಒತ್ತಿ, ಲಿಂಕ್ ಇದ್ದವರೆಲ್ಲ ತೆಗೆಯಬಹುದು, ತಿದ್ದಲೂಬಹುದು ಅಂತ ಬಿಟ್ಟು, ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಎರಡೇ ದಿನಕ್ಕೆ ಎಲ್ಲ ತುಂಬಿತು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ.

ಡಿಸೆಂಬರ್‌ನಲ್ಲಿ ಒಂದು ದಿನ ಸ್ಮಾರ್ಟ್ ಕ್ಲಾಸಿನ ಪರದೆ ಮೇಲೆ ಆ ಶೀಟ್ ತೆಗೆದೆ. ಮೇಲೆ ಬಲಗಡೆ ಬಣ್ಣದ ಪುಟ್ಟ ವೃತ್ತ, ಅದರಲ್ಲೊಂದು ಪ್ರಾಣಿ. ಮೌಸ್ ಒಯ್ದರೆ 'ಅನಾನಿಮಸ್ ಕ್ಯಾಪಿಬರಾ' ಅಂತ ತೋರಿಸಿತು. ಹಿಂದಿನ ಬೆಂಚಿನ ಹುಡುಗ ಕೇಳಿದ: "ಸರ, ಕ್ಯಾಪಿಬರಾ ಅಂದ್ರೇನ್ರಿ?" ದಕ್ಷಿಣ ಅಮೆರಿಕದ ದೊಡ್ಡ ಇಲಿ ಜಾತಿಯ ಪ್ರಾಣಿ ಕಣಪ್ಪ ಅಂದೆ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ.

ಗುರುತು ಗೊತ್ತಿಲ್ಲದವರು ಲಿಂಕ್ ಮೂಲಕ ಒಳಗೆ ಬಂದರೆ ಗೂಗಲ್ ಹಾಗೆ ಪ್ರಾಣಿಯ ಹೆಸರು ಕೊಡುತ್ತೆ. ಆ ಹೊತ್ತಿನಲ್ಲಿ ಕ್ಲಾಸಿನಲ್ಲಿ ಒಬ್ಬ ಮಗುವಿನ ಕೈಯಲ್ಲೂ ಫೋನ್ ಇರಲಿಲ್ಲ. ಹಾಗಾದರೆ ಒಳಗಿದ್ದದ್ದು ಯಾರು? ಯಾರದೋ ಅಣ್ಣನೇ ಇರಬಹುದು. ಆದರೆ ಆ ಪ್ರಶ್ನೆ ಆವತ್ತು ನನ್ನ ತಲೆಗೇ ಬರಲಿಲ್ಲ. ಗಣಿತ ಮಾಸ್ತರ ಬೇರೆ!

ಹದಿನೈದು ದಿನದ ಮೇಲೆ ಬೆಂಗಳೂರಿನಿಂದ ಒಬ್ಬ ತಂದೆಯ ಫೋನ್ ಬಂತು. ಗಾರೆ ಕೆಲಸ ಮಾಡುವವರು. "ಸರ, ಸ್ಕಾಲರ್‌ಶಿಪ್ ರೊಕ್ಕ ಇನ್ನಾ ಬಂದಿಲ್ರಿ." ಯಾವ ರೊಕ್ಕ ಅಂದೆ. "ಸಾಲಿಯಿಂದ ಫೋನ್ ಹಚ್ಚಿದ್ರಲ್ರಿ. ಮಗನ ಹೆಸರು, ಸ್ಯಾಟ್ಸ್ ನಂಬರ, ಬ್ಯಾಂಕಿನ ಹೆಸರು ಎಲ್ಲಾ ಅವ್ರೇ ಹೇಳಿದ್ರು. ಲಿಂಕ್ ಒತ್ತಿ ಪಿನ್ ಹಾಕಂದ್ರು, ಹಾಕ್ದೆ." ಹೋದದ್ದು 4,800 ರೂಪಾಯಿ. ಹಣ ಬರೋಕೆ ಯಾವತ್ತೂ ಪಿನ್ ಬೇಕಿಲ್ಲ, ಪಿನ್ ಹಾಕಿದರೆ ಹೋಗೋದೇ. ನನಗೆ ಗೊತ್ತು, ನಿಮಗೂ ಗೊತ್ತು. ಆದರೆ ಮಗನ ಸ್ಯಾಟ್ಸ್ ನಂಬರ್ ಹೇಳುವವನನ್ನು ಆ ಮನುಷ್ಯ ಯಾಕೆ ನಂಬಬಾರದು? ಆಗಲೇ ಮೂರು ದಿನ ಕಳೆದಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ತಕ್ಷಣ ಹೇಳಿದ್ದರೆ ಹಣ ದಾಟುವ ಮೊದಲೇ ತಡೆಯೋಕೆ ಆಗುತ್ತಿತ್ತೇನೋ. ಅದು ವಾಪಸ್ ಬರಲಿಲ್ಲ.

ಆಗಲೂ ನನಗೆ ಶೀಟ್ ಮೇಲೆ ಅನುಮಾನ ಬರಲಿಲ್ಲ. ಎಲ್ಲಿಂದಲೋ ಸೋರಿದೆ ಅಂದುಕೊಂಡೆ. ನಮ್ಮ ಕಡೆಯಿಂದ ಅಂತ ಒಪ್ಪೋಕೆ ಮನಸ್ಸೇ ಬರಲ್ಲ, ಅಲ್ವಾ?

ಕಣ್ಣು ತೆರೆಸಿದ್ದು ಒಬ್ಬ ಹುಡುಗಿ. ಮುಂದಿನ ಬೆಂಚು, ತ್ರಿಕೋನಮಿತಿಯಲ್ಲಿ ಎಲ್ಲರಿಗಿಂತ ಚುರುಕು. ನಾಲ್ಕು ದಿನ ಸತತ ಗೈರು. ಹೊಲದ ಕೆಲಸ ಇರಬೇಕು ಅಂತ ಸಂಜೆ ಅವರ ಮನೆಗೆ ಹೋದೆ. ತಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು, ತಲೆ ಎತ್ತಲಿಲ್ಲ. ತಂದೆ ಬಾಗಿಲಲ್ಲೇ ನಿಂತರು. "ಸಾಲಿ ಸಾಕ್ರಿ ಸರ" ಅಂದರು. ಅಣ್ಣ ಒಳಗಿಂದ ಫೋನ್ ತಂದು ನನ್ನ ಮುಖಕ್ಕೆ ಹಿಡಿದ. ಗುರುತಿಲ್ಲದ ನಂಬರಿನಿಂದ ರಾತ್ರಿ ಹನ್ನೊಂದು ಗಂಟೆಗೆ ಮೆಸೇಜು. ಅವಳ ಹೆಸರು ಹಿಡಿದು, "ಟೆಸ್ಟಿನಾಗ 16 ಬಂದಾವಲ್ಲ, ನಾ ಹೇಳಿಕೊಡ್ಲೇನು?" ಅಂತ. ಕೆಳಗೆ ಇನ್ನೂ ಏನೇನೋ. ಅದನ್ನು ಇಲ್ಲಿ ಬರೆಯಲ್ಲ.

"ಇಕಿ ಮಾರ್ಕ್ಸ್ ಅವ್ನಿಗೆ ಹೆಂಗ ಗೊತ್ತಾತ್ರಿ ಸರ? ಇಕಿನೇ ಹೇಳಿರಬೇಕಲ್ಲ?" ಅಣ್ಣನ ವಾದ ಅದು. ಮನೆಯವರೆಲ್ಲ ಅದನ್ನೇ ನಂಬಿದ್ದರು. ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಆ 16 ನೋಡಿ ನನ್ನ ಕೈಕಾಲು ತಣ್ಣಗಾಯಿತು. ಅವಳಿಗೆ ಬಂದದ್ದು 19. ಪೇಪರ್ ಅವಳ ಕೈಯಲ್ಲೇ ಇತ್ತು, ರಿಜಿಸ್ಟರ್‌ನಲ್ಲೂ 19. ಅವಸರದಲ್ಲಿ ಟೈಪ್ ಮಾಡುವಾಗ ನಾನು ಶೀಟ್‌ನಲ್ಲಿ ಮಾತ್ರ 16 ಅಂತ ಹಾಕಿದ್ದೆ. ಅವಳೇ ಹೇಳಿದ್ದರೆ 19 ಅಂತ ಹೇಳುತ್ತಿದ್ದಳು. ಅವನು ಓದಿದ್ದು ನನ್ನ ಶೀಟನ್ನು.

ಅದನ್ನು ಅಲ್ಲೇ, ಆ ಅಂಗಳದಲ್ಲೇ ಒಪ್ಪಿಕೊಂಡೆ. ತಪ್ಪು ನನ್ನದು, ಮಗಳದ್ದಲ್ಲ ಅಂದೆ. ತಂದೆ ಏನೂ ಮಾತಾಡಲಿಲ್ಲ. ಮರುದಿನ ಹೆಡ್ ಮೇಡಂ ಜೊತೆ ಪೇಪರ್, ರಿಜಿಸ್ಟರ್, ನನ್ನ ಫೋನ್ ಮೂರನ್ನೂ ತಗೊಂಡು ಹೋಗಿ ತೋರಿಸಿದೆವು. ಆ ನಂಬರಿನ ಮೇಲೂ ದೂರು ಕೊಟ್ಟೆವು. ಅವಳು ಕ್ಲಾಸಿಗೆ ಬಂದದ್ದು ಹತ್ತನೇ ದಿನ. ನಮ್ಮ ಕಡೆ ಹತ್ತನೇ ಕ್ಲಾಸಿನ ಹುಡುಗಿಯ ಶಾಲೆ ಬಿಡಿಸಿದರೆ ಮುಂದಿನ ಮಾತು ಏನಿರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ.

ಲಿಂಕ್ ಹೇಗೆ ಹೊರಗೆ ಹೋಯಿತು ಅಂದರೆ, ಒಬ್ಬ ಹುಡುಗನ ಕಾಕಾನಿಗೆ ತುಂಬೋಕೆ ಬರಲಿಲ್ಲವಂತೆ. "ಯಾರಾರ ತುಂಬಿಕೊಡ್ರಿ" ಅಂತ ಊರಿನ ಗುಂಪಿಗೆ ಹಾಕಿದ್ದಾರೆ. ಪಾಪ, ಒಳ್ಳೆ ಮನಸ್ಸಿನಿಂದಲೇ. ಅಲ್ಲಿಂದ ಎಲ್ಲೆಲ್ಲಿ ಹೋಯಿತೋ. ಯಾರು ತಿದ್ದಿದರು, ಯಾವಾಗ ತಿದ್ದಿದರು ಅಂತ ಶೀಟ್‌ನ ಹಳೆಯ ಆವೃತ್ತಿಗಳಲ್ಲಿ ಸ್ವಲ್ಪ ಗೊತ್ತಾಗುತ್ತೆ. ಸುಮ್ನೆ ನೋಡಿಕೊಂಡು ಹೋದವರ ಲೆಕ್ಕ ನಮ್ಮಂಥವರ ಮಾಮೂಲಿ ಜಿಮೇಲ್ ಖಾತೆಗೆ ಸಿಗಲ್ಲ.

ನಮಗೆ ತರಬೇತಿಯಲ್ಲಿ ಫಾರ್ಮ್ ಮಾಡೋದು ಕಲಿಸಿದರು, ಕ್ವಿಜ್ ಮಾಡೋದು ಕಲಿಸಿದರು. ಶೇರ್ ಬಟನ್ ಬಗ್ಗೆ ಒಂದು ನಿಮಿಷ ಮಾತಾಡಿದ್ದು ನೆನಪಿಲ್ಲ. ಹಾಗಾಗಿ ಕೇಳಿ. ಶೀಟ್ ತೆಗೆದು ಶೇರ್ ಒತ್ತಿದರೆ ಕೆಳಗೆ 'ಜನರಲ್ ಆಕ್ಸೆಸ್' ಅಂತ ಇರುತ್ತೆ. ಅಲ್ಲಿ 'ಎನಿವನ್ ವಿತ್ ದ ಲಿಂಕ್' ಇದ್ದರೆ ಈಗಲೇ 'ರಿಸ್ಟ್ರಿಕ್ಟೆಡ್' ಮಾಡಿ. ಮಕ್ಕಳಿಂದ ಮಾಹಿತಿ ಬೇಕೇಬೇಕು ಅಂದರೆ ಶೀಟ್ ಬದಲು ಫಾರ್ಮ್ ಕೊಡಿ, ಅದರಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಲ್ಲ. ಆದರೆ ಫಲಿತಾಂಶದ ಸಾರಾಂಶ ತೋರಿಸುವ ಆಯ್ಕೆ ಆಫ್ ಇದೆಯಾ ಅಂತ ನೋಡಿಕೊಳ್ಳಿ. ಆಧಾರ್, ಬ್ಯಾಂಕ್ ಖಾತೆ ಮಾತ್ರ ಯಾವ ಫಾರ್ಮಿನಲ್ಲೂ ಬೇಡ, ಕಾಗದದಲ್ಲಿ ಬರೆಸಿಕೊಂಡು ಕಪಾಟಿನಲ್ಲಿಡಿ. 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅಂತಲೇ ಲೆಕ್ಕ ಹಾಕುತ್ತೆ. ಅಂದರೆ ನಮ್ಮ ಕ್ಲಾಸಿನ ಬಹುತೇಕ ಎಲ್ಲರೂ.

ವಾಟ್ಸಾಪ್ ಗುಂಪು ಇನ್ನೊಂದು ತಲೆನೋವು. ಗುಂಪಿಗೆ ಸೇರಿದವರಿಗೆಲ್ಲ ಎಲ್ಲರ ನಂಬರೂ ಕಾಣುತ್ತೆ. ಮಗುವಿನ ನಂಬರ್ ಅಂದುಕೊಂಡದ್ದು ಅಣ್ಣನದೋ, ಮಾವನದೋ ಆಗಿರುತ್ತೆ. ನಾನೀಗ ಕಮ್ಯೂನಿಟಿ ಮಾಡಿದ್ದೇನೆ. ಅದರ ಅನೌನ್ಸ್‌ಮೆಂಟ್ ಗುಂಪಿನಲ್ಲಿ ಸದಸ್ಯರ ನಂಬರ್ ಅಡ್ಮಿನ್‌ಗೆ ಬಿಟ್ಟು ಬೇರೆಯವರಿಗೆ ಕಾಣಲ್ಲ. ಅಂಕಗಳನ್ನು ಮಾತ್ರ ಕಾಗದದ ಚೀಟಿಯಲ್ಲೇ ಬರೆದು ಮನೆಗೆ ಕಳಿಸುತ್ತೇನೆ. ಊರಲ್ಲಿಲ್ಲದ ಅಪ್ಪ ಅಮ್ಮಂದಿರಿಗೆ ಭಾನುವಾರ ಫೋನ್ ಮಾಡಿ ಹೇಳುತ್ತೇನೆ.

ಆ ಮನೆಯಿಂದ ಬಂದ ರಾತ್ರಿ ನನ್ನ ಡ್ರೈವ್ ತೆಗೆದು ಒಂದೊಂದೇ ಫೈಲ್ ನೋಡುತ್ತಾ ಕೂತೆ. ತೆರೆದೇ ಬಿಟ್ಟಿದ್ದವು ಹನ್ನೊಂದು. ಅದರಲ್ಲೊಂದು 2020ರ ವಿದ್ಯಾಗಮ ಕಾಲದ್ದು, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುತ್ತಿದ್ದೆವಲ್ಲ, ಆಗಿನದು. ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಡಿಗ್ರಿ ಓದುತ್ತಿದ್ದಾರೆ. ಅವರ ಮನೆಗಳ ನಂಬರು ನಾಲ್ಕು ವರ್ಷದಿಂದ ಹಾಗೇ ಬಿದ್ದಿದ್ದವು. ಎಲ್ಲ ಮುಚ್ಚಿ ಎದ್ದಾಗ ಹನ್ನೆರಡೂವರೆ.