ಬಾರ್ಸಿಲೋನಾದ ಸಾಂತಾ ಕಾತೆರಿನಾ ಮಾರುಕಟ್ಟೆ: ಒಂದು ಇಡೀ ದಿನಕ್ಕೆ ತಕ್ಕ ತಾಣ

ಬಾರ್ಸಿಲೋನಾಕ್ಕೆ ಹೊರಟವರಿಗೆ ಯಾರನ್ನು ಕೇಳಿದರೂ ಲಾ ರಾಂಬ್ಲಾ ಬೀದಿಯ ಬೊಕೇರಿಯಾ ಮಾರುಕಟ್ಟೆಯನ್ನು ನೋಡಿ ಬನ್ನಿ ಎನ್ನುತ್ತಾರೆ. ಅದರ ಹೆಸರು ದೊಡ್ಡದು, ಅಲ್ಲಿ ಸೇರುವ ಪ್ರವಾಸಿಗರ ಸಂಖ್ಯೆಯೂ ಅಷ್ಟೇ ದೊಡ್ಡದು. ಅಲ್ಲಿಂದ ಕಾಲ್ನಡಿಗೆಯಲ್ಲಿ ಸುಮಾರು ಕಾಲು ಗಂಟೆ ದೂರದಲ್ಲಿರುವ ಸಾಂತಾ ಕಾತೆರಿನಾದಲ್ಲಿ ಸುತ್ತಲಿನ ಓಣಿಗಳ ಜನ ಇಂದಿಗೂ ದಿನದ ಅಡುಗೆಗೆ ಬೇಕಾದದ್ದನ್ನು ಕೊಳ್ಳುತ್ತಾರೆ. ಕೈಯಲ್ಲಿ ಒಂದೇ ದಿನ ಇದ್ದರೆ, ನೋಡುವುದು, ಕೊಳ್ಳುವುದು, ರಾತ್ರಿ ಸುತ್ತಾಡುವುದು ಈ ಮೂರನ್ನೂ ಈ ಮಾರುಕಟ್ಟೆಯ ಸುತ್ತಮುತ್ತಲೇ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅನುಭವದಿಂದ ಹೇಳುತ್ತೇನೆ.

ಮೊದಲು ಕಣ್ಣಿಗೆ ಬೀಳುವುದು ಅಲೆಯಂತೆ ಏರಿಳಿಯುವ ಅದರ ಛಾವಣಿ. ಇದೇ ಹೆಸರಿನ ಕ್ರೈಸ್ತ ಮಠವೊಂದಿದ್ದ ಜಾಗದಲ್ಲಿ 1848ರಲ್ಲಿ ಆರಂಭವಾದ ಈ ಮಾರುಕಟ್ಟೆಯನ್ನು ವಾಸ್ತುಶಿಲ್ಪಿ ದಂಪತಿ ಎನ್ರಿಕ್ ಮಿರಾಯೆಸ್ ಮತ್ತು ಬೆನೆದೆತ್ತಾ ತಾಲ್ಯಾಬುವೆ ಹೊಸದಾಗಿ ರೂಪಿಸಿದರು. ಮಿರಾಯೆಸ್ 2000ದಲ್ಲಿ ತೀರಿಕೊಂಡರು. 2005ರಲ್ಲಿ ಮಾರುಕಟ್ಟೆ ಮತ್ತೆ ತೆರೆದದ್ದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ. ಹಳೆಯ ಬಿಳಿ ಗೋಡೆಗಳನ್ನು ಉಳಿಸಿಕೊಂಡು ಅವುಗಳ ಮೇಲೆ ಮರದ ಕಮಾನುಗಳನ್ನು ಎತ್ತಿ, ಹಣ್ಣು ತರಕಾರಿಗಳ ಬಣ್ಣಗಳನ್ನು ನೆನಪಿಸುವ ಷಟ್ಕೋನದ ಸೆರಾಮಿಕ್ ಬಿಲ್ಲೆಗಳನ್ನು ಹೊದಿಸಿದ್ದಾರೆ. ಬೀದಿಯಲ್ಲಿ ನಿಂತವರಿಗೆ ಈ ಬಣ್ಣದ ಅಂಚು ಮಾತ್ರ ಕಾಣುತ್ತದೆ. ಪೂರ್ತಿ ಕಾಣಬೇಕಾದರೆ ಎತ್ತರದ ಜಾಗವೇ ಬೇಕು. ಇದೊಂದು ಕೊರತೆಯೇ ಸರಿ. ಹಿಂಬದಿಯಲ್ಲಿ ಅಗೆತದಿಂದ ಹೊರಬಂದ ಮಠದ ಅವಶೇಷಗಳನ್ನು ನೋಡಲು ಬಿಟ್ಟಿದ್ದಾರೆ, ಅದನ್ನು ಮರೆಯಬೇಡಿ.

ಒಳಗೆ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಬೇಯಿಸಿದ ಕಾಳುಗಳ ಅಂಗಡಿ. ಕಾಬೂಲ್ ಕಡಲೆ, ಬಿಳಿ ಹುರುಳಿಕಾಯಿ ಬೀಜ, ಮಸೂರಗಳನ್ನು ಬೇಯಿಸಿ, ತೂಗಿ ಮಾರುವ ಪದ್ಧತಿ ಬಾರ್ಸಿಲೋನಾ ಸೀಮೆಯ ಕತಲಾನ್ ಜನರಲ್ಲಿ ಹಿಂದಿನಿಂದ ಬಂದದ್ದು. ಗುಗ್ಗರಿ ತಿಂದು ಬೆಳೆದ ನಮಗೆ ಇದಕ್ಕಿಂತ ಆಪ್ತವಾದ ಅಂಗಡಿ ಆ ಊರಿನಲ್ಲಿ ಸಿಗಲಾರದು. ಅರ್ಧ ಕಿಲೋ ಕೊಂಡು ಈರುಳ್ಳಿ, ಆಲಿವ್ ಎಣ್ಣೆ ಬೆರೆಸಿದರೆ ಇಬ್ಬರ ಊಟವಾಗುತ್ತದೆ. ಗೊಂಚಲಾಗಿ ಕಟ್ಟಿ ತೂಗುಹಾಕುವ ಸಣ್ಣ ಟೊಮೆಟೊ ಇನ್ನೊಂದು ವಿಶೇಷ. ತಿಂಗಳುಗಟ್ಟಲೆ ಕೆಡದ ಈ ತಳಿಯನ್ನು ಅಡ್ಡಲಾಗಿ ಕತ್ತರಿಸಿ, ಬ್ರೆಡ್ಡಿನ ಮೇಲೆ ಸಿಪ್ಪೆಯಷ್ಟೇ ಉಳಿಯುವವರೆಗೆ ಉಜ್ಜಿ, ಎಣ್ಣೆ ಉಪ್ಪು ಹಾಕಿದರೆ ಅದೇ 'ಪಾ ಆಂಬ್ ತುಮಾಕೆಟ್', ಸಸ್ಯಾಹಾರಿಗಳು ನಿಶ್ಚಿಂತೆಯಿಂದ ತಿನ್ನಬಹುದಾದ ತಿನಿಸು. ಪಾಲಕ್ ಮತ್ತು ಕಾಳಿನ ಪಲ್ಯಗಳಲ್ಲಿ ಕೆಲವೊಮ್ಮೆ ಹಂದಿಮಾಂಸದ ಚೂರುಗಳಿರುತ್ತವೆ, ಆದ್ದರಿಂದ ಕೇಳಿಯೇ ಕೊಳ್ಳಬೇಕು. ಊರಿಗೆ ತರಲು ಆರ್ಬೆಕಿನಾ ತಳಿಯ ಆಲಿವ್ ಎಣ್ಣೆ ಒಳ್ಳೆಯದು. ಅದನ್ನು ವಿಮಾನದಲ್ಲಿ ಕೈಚೀಲಕ್ಕೆ ಹಾಕದೆ ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕು.

ಅಲ್ಲಿ ತರಕಾರಿಯನ್ನು ನಾವೇ ಮುಟ್ಟಿ ಆರಿಸುವಂತಿಲ್ಲ. ಬೇಕಾದದ್ದನ್ನು ಹೇಳಿದರೆ ಅಂಗಡಿಯವರೇ ಆರಿಸಿ ಕೊಡುತ್ತಾರೆ. ಕಣ್ಣಿಗೆ ಕಾಣುವ ಸಾಲೂ ಇರುವುದಿಲ್ಲ. ಹೊಸದಾಗಿ ಬಂದವರು 'ಕೊನೆಯವರು ಯಾರು' ಎಂದು ಕೇಳಿ, ಉತ್ತರಿಸಿದವರ ನಂತರ ತಮ್ಮ ಸರದಿ ಎಂದು ನೆನಪಿಟ್ಟುಕೊಳ್ಳುತ್ತಾರೆ. ಅಪರಿಚಿತರ ನಡುವೆ ಇಷ್ಟು ಸದ್ದಿಲ್ಲದೆ ನಡೆಯುವ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಯಿತು. ಭಾನುವಾರ ಮಾರುಕಟ್ಟೆಗೆ ರಜೆ. ಕೆಲವು ದಿನ ಮಧ್ಯಾಹ್ನಕ್ಕೇ ಮುಚ್ಚುವುದರಿಂದ ಬೆಳಗ್ಗೆ ಹೋಗುವುದೇ ಸೂಕ್ತ.

ಸಂಜೆಗೆ ಪಕ್ಕದ ಬೋರ್ನ್ ಬಡಾವಣೆ ಸಾಕು. ಅಲ್ಲಿನ ಸಾಂತಾ ಮರಿಯಾ ದೆಲ್ ಮಾರ್ ಚರ್ಚನ್ನು 1329ರಲ್ಲಿ ಕಟ್ಟತೊಡಗಿ 1383ರಲ್ಲಿ ಮುಗಿಸಿದರು. ಅದಕ್ಕೆ ಬೇಕಾದ ಕಲ್ಲುಗಳನ್ನು ಬಂದರಿನ ಹಮಾಲರು ಬೆನ್ನಮೇಲೆ ಹೊತ್ತು ತಂದರು; ಮುಂಬಾಗಿಲ ಮೇಲೆ ಹೊರೆ ಹೊತ್ತ ಅವರ ಸಣ್ಣ ಆಕೃತಿಗಳನ್ನು ಇಂದಿಗೂ ಕಾಣಬಹುದು. ಅಷ್ಟು ದೊಡ್ಡ ಚರ್ಚಿನಲ್ಲಿ ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಅವನ್ನೇ.

ರಾತ್ರಿಗೆ ಬಾರು, ಕ್ಲಬ್ಬುಗಳು ಬೇಕಾದಷ್ಟಿವೆಯಾದರೂ ನನ್ನ ಆಯ್ಕೆ 1908ರಲ್ಲಿ ಪೂರ್ಣಗೊಂಡ ಪಲಾವು ದೆ ಲಾ ಮೂಸಿಕಾ ಸಂಗೀತ ಭವನ. ಮಾರುಕಟ್ಟೆಯಿಂದ ಕೆಲವೇ ನಿಮಿಷಗಳ ದಾರಿ. ಕತ್ತಲಾದ ಮೇಲೆ ಅದರ ಬಣ್ಣದ ಗಾಜಿನ ಚಾವಣಿಯ ಸೊಬಗು ಅರ್ಧದಷ್ಟೂ ಕಾಣುವುದಿಲ್ಲ ಎಂಬುದು ನಿಜ, ಆದರೆ ಅಂಥ ಭವನದಲ್ಲಿ ಕುಳಿತು ಸಂಗೀತ ಕೇಳುವ ಸುಖಕ್ಕಾಗಿ ಆ ನಷ್ಟವನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ. ಕಛೇರಿ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತೆಂಬ ಚಿಂತೆಯೂ ಬೇಡ, ಏಕೆಂದರೆ ಅಲ್ಲಿಯವರು ರಾತ್ರಿಯೂಟಕ್ಕೆ ಕೂರುವುದೇ ಒಂಬತ್ತರ ನಂತರ. ಓಣಿಗಳ ಮೇಲಂತಸ್ತುಗಳಲ್ಲಿ ಮಲಗಿದ ಸಂಸಾರಗಳಿವೆ, ಹಾಗಾಗಿ ಮಾತು ಮೆಲ್ಲಗಿರಲಿ. ಹತ್ತಿರದ ಜೌಮಾ ಪ್ರಿಮೆ ನಿಲ್ದಾಣಕ್ಕೆ ಬರುವ ಮೆಟ್ರೊ ಭಾನುವಾರದಿಂದ ಗುರುವಾರದವರೆಗೆ ಮಧ್ಯರಾತ್ರಿಗೆ, ಶುಕ್ರವಾರ ರಾತ್ರಿ ಎರಡು ಗಂಟೆಗೆ ನಿಲ್ಲುತ್ತದೆ. ಶನಿವಾರ ಮಾತ್ರ ರಾತ್ರಿಯಿಡೀ ಓಡುತ್ತದೆ.