ಪೂಲ್ ನೀರು ನೀಲಿ ಇದೆ ಅಂತ ನಂಬಬೇಡಿ, ನಾನು ನಂಬಿ ಕೆಟ್ಟೆ

ವಿಜಯಪುರ ಕಡೆ ತೋಟದ ಮನೆಯಲ್ಲಿ ಪೂಲ್ ಕಟ್ಟಿಸಿದವರು, ಕಟ್ಟಿಸಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮಾತು ಹಿಂದೆಮುಂದೆ ಆದರೆ ಬೇಜಾರು ಮಾಡ್ಕೋಬೇಡಿ. ನಮ್ಮ ಪೂಲ್ ನೀರು ನೋಡಿಕೊಳ್ಳುತ್ತಿದ್ದವನ ಹೆಸರು ಹಾಕುತ್ತಿಲ್ಲ. ಆದರೆ ಅವನು ಇವತ್ತಿಗೂ ನೀರು ಪರೀಕ್ಷೆ ಮಾಡುವ ಅದೇ ಗಾಜಿನ ನಳಿಗೆ ಹಿಡಿದು ತೋಟದಿಂದ ತೋಟಕ್ಕೆ ತಿರುಗುತ್ತಿದ್ದಾನೆ, ಅದಕ್ಕೇ ಬರೆಯಲೇಬೇಕಾಯಿತು.

ನಮ್ಮದು ದ್ರಾಕ್ಷಿ ತೋಟ. ಮನೆಯ ಪಕ್ಕ 30 ಅಡಿ ಉದ್ದ, 15 ಅಡಿ ಅಗಲ, 4 ಅಡಿ ಆಳದ ಪೂಲ್. ಸುಮಾರು 51 ಸಾವಿರ ಲೀಟರ್ ನೀರು. ಮನೆ ಮಕ್ಕಳು ಆಡುತ್ತಾರೆ, ಭಾನುವಾರ ಬೇರೆ ಕುಟುಂಬದವರಿಗೂ ಬಾಡಿಗೆಗೆ ಕೊಡುತ್ತೇವೆ. ಕಾಕಾಗೆ ಮೊಣಕಾಲು ನೋವು, ನೀರಿನಲ್ಲಿ ನಡೀರಿ ಅಂತ ಡಾಕ್ಟರ್ ಹೇಳಿದ್ದರು, ಅವರು ದಿನಾ ಬೆಳಿಗ್ಗೆ ಇಳಿಯುತ್ತಿದ್ದರು. ನೀರು ನೋಡಿಕೊಳ್ಳಲು ಹೋದ ಅಕ್ಟೋಬರ್‌ನಲ್ಲಿ ಒಬ್ಬನಿಗೆ ಕೊಟ್ಟೆ. ತಿಂಗಳಿಗೆ 5,000, ಆರು ತಿಂಗಳದ್ದು ಮುಂಗಡ, ವಾರಕ್ಕೆ ಎರಡು ಸಲ ಬರೋದು, ಔಷಧಿ ಬಿಲ್ ಬೇರೆ. ಎಲ್ಲರೂ ಹೀಗೇ ಮಾಡ್ತಾರಲ್ವಾ.

ಬಂದಾಗೆಲ್ಲ ನನ್ನನ್ನು ಕರೆದು ನಳಿಗೆಯಲ್ಲಿ ನೀರು ಹಿಡಿಯುತ್ತಿದ್ದ, ಕ್ರಿಮಿ ಕೊಲ್ಲುವ ಕ್ಲೋರಿನ್ ಎಷ್ಟಿದೆ ಅಂತ ನೋಡಲು ಐದು ಹನಿ ಹಾಕುತ್ತಿದ್ದ, ನೀರು ಹಳದಿ ಆಗುತ್ತಿತ್ತು. "ನೋಡ್ರಿ ಸಾವ್ಕಾರ್ರ, ಮೂರು ಬಂತು, ಬರೋಬ್ಬರಿ ಐತಿ." ನಾನು ತಲೆ ಆಡಿಸುತ್ತಿದ್ದೆ. ಇದೇ ನಾಟಕ ಏಳು ತಿಂಗಳು.

ಮಾರ್ಚ್ ಹೊತ್ತಿಗೆ ಮಕ್ಕಳ ಕಣ್ಣು ಕೆಂಪಾಗಲು ಶುರುವಾಯಿತು. ಮೈ ತುರಿಕೆ. ಪೂಲ್ ಹತ್ತಿರ ಹೋದರೆ ಮೂಗಿಗೆ ಘಾಟು. ಕ್ಲೋರಿನ್ ಜಾಸ್ತಿ ಆಗಿದೆ ಅಂತ ನಾನೇ ತಿಳಿದುಕೊಂಡು ಅವನಿಗೆ ಫೋನ್ ಮಾಡಿ ಕಡಿಮೆ ಹಾಕಪ್ಪ ಅಂದೆ. "ಆಯ್ತ್ರಿ, ನೀವು ಹೇಳಿದಂಗ ಮಾಡ್ತೀನಿ" ಅಂದ. ಅವನಿಗೆ ಬೇಕಾಗಿದ್ದೂ ಅದೇ. ಆ ಘಾಟು ಒಳ್ಳೆ ಕ್ಲೋರಿನ್‌ದಲ್ಲ, ಬೆವರು ಮೂತ್ರದ ಜೊತೆ ಸೇರಿ ಕೆಲಸ ಮುಗಿಸಿದ ಕ್ಲೋರಿನ್‌ದು, ಕ್ಲೋರಮೈನ್ ಅಂತಾರೆ. ಘಾಟು ಬಂದರೆ ಕ್ಲೋರಿನ್ ಸಾಲುತ್ತಿಲ್ಲ ಅಂತ ಅರ್ಥ, ಇನ್ನಷ್ಟು ಹಾಕಬೇಕು. ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ನಿದ್ದ.

ಏಪ್ರಿಲ್‌ನಲ್ಲಿ ನೀರು ಒಮ್ಮೆಲೇ ಸ್ವಚ್ಛ ನೀಲಿಯಾಯಿತು. ಎಷ್ಟು ಚಂದ ಅಂದರೆ ಬಂದವರೆಲ್ಲ ಫೋಟೋ ತೆಗೆದುಕೊಂಡರು. ಬಿಲ್‌ನಲ್ಲಿ "ಬ್ಲೂ ಕ್ಲಾರಿಫೈಯರ್" ಅಂತ ಹೊಸದೊಂದು ಸಾಲು ಬಂತು, ಲೀಟರ್‌ಗೆ 900. ಖುಷಿಯಿಂದ ಕೊಟ್ಟೆ, ಮೇಲೆ ಇನ್ನಾರು ತಿಂಗಳದ ಮುಂಗಡ 30,000ವನ್ನೂ ಕೊಟ್ಟೆ.

ಮೇ ತಿಂಗಳಲ್ಲಿ ಕಾಕಾ ಕಟಿಂಗ್‌ಗೆ ಹೋಗಿದ್ದರು. ಅಂಗಡಿಯವನು ಕೂದಲು ಕೈಯಲ್ಲಿ ಹಿಡಿದು "ಕಾಕಾರ, ತಲಿಗೇನು ಹಚ್ಚೀರಿ?" ಅಂತ ಕೇಳಿದನಂತೆ. ಬೆಳ್ಳಗಿದ್ದ ಕೂದಲು ಬಿಸಿಲಿನಲ್ಲಿ ತಿಳಿ ಹಸಿರು ಕಾಣುತ್ತಿತ್ತು. ಕಾಕಾ ಮನೆಗೆ ಬಂದು ಟೋಪಿ ಹಾಕಿಕೊಂಡವರು ಆ ವಾರದ ಮದುವೆಗೂ ಬರಲಿಲ್ಲ. ಅದನ್ನು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡು ದಿನ ಬಿಟ್ಟು ನಾನು ಬೆಳಿಗ್ಗೆ ಆರಕ್ಕೇ ಪೂಲ್ ಕಡೆ ಹೋದೆ. ಅವನ ಕೆಲಸದ ಹುಡುಗ ಬಕೆಟ್‌ನಲ್ಲಿ ಏನೋ ಕರಗಿಸುತ್ತಿದ್ದ. ಬಗ್ಗಿ ನೋಡಿದೆ. ನೀಲಿ ಹರಳು. ಬಕೆಟ್ ತಳದಲ್ಲಿ ಇನ್ನೂ ಕರಗದ ನಾಲ್ಕು ತುಂಡು ಬಿದ್ದಿದ್ದವು. ಮೈಲುತುತ್ತ! ನಾವು ಸುಣ್ಣದ ಜೊತೆ ಸೇರಿಸಿ ಬೋರ್ಡೋ ಔಷಧಿ ಮಾಡಿ ದ್ರಾಕ್ಷಿಗೆ ಹೊಡೀತೀವಲ್ಲ, ಅದೇ ಮೈಲುತುತ್ತ. ನನ್ನ ಶೆಡ್ಡಿನಲ್ಲೇ ಒಂದು ಚೀಲ ಇದೆ. ಇಪ್ಪತ್ತು ವರ್ಷ ಅದನ್ನು ಕೈಯಾರೆ ಕಲಸಿದ ನಾನು, ನನ್ನದೇ ಪೂಲಿನಲ್ಲಿ ಅದೇ ಬಣ್ಣ ನೋಡಿ ನೀರು ಚೊಕ್ಕ ಆಯಿತು ಅಂದುಕೊಂಡೆನಲ್ಲ. ಆ ಕ್ಷಣ ಕಾಲ ಕೆಳಗಿನ ನೆಲ ಜಾರಿದ ಹಾಗಾಯಿತು. ಲೀಟರ್‌ಗೆ 900 ಕೊಟ್ಟಿದ್ದೆ ಇದಕ್ಕೆ. ಅದರಲ್ಲಿರುವ ತಾಮ್ರವೇ ಕಾಕಾನ ಕೂದಲಿಗೆ ಹತ್ತಿದ್ದು. ತಾಮ್ರ ಪಾಚಿ ಸಾಯಿಸುತ್ತದೆ, ನೀರು ನೀಲಿ ಕಾಣಿಸುತ್ತದೆ, ಆದರೆ ಮಕ್ಕಳಿಗೆ ರೋಗ ತರುವ ಕ್ರಿಮಿಗೆ ಅದು ಕ್ಲೋರಿನ್‌ನ ಬದಲಿ ಅಲ್ಲ.

ಇನ್ನೊಂದು ಕಂಡು ಎದೆ ಧಸಕ್ಕೆಂದಿತು. ಆ ಹುಡುಗ ಬ್ಲೀಚಿಂಗ್ ಪೌಡರ್ ಡಬ್ಬಿಗೂ ಟಿಸಿಸಿಎ (ಪೂಲಿಗೆ ಹಾಕುವ ಇನ್ನೊಂದು ಬಗೆಯ ಕ್ಲೋರಿನ್) ಪುಡಿ ಡಬ್ಬಿಗೂ ಒಂದೇ ಮಗ್ ಅದ್ದುತ್ತಿದ್ದ. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಅನಿಸಬಹುದು. ಎರಡೂ ಒಟ್ಟಿಗೆ ಬೆರೆತರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಹುಡುಗನಿಗೆ ಯಾರೂ ಹೇಳಿರಲಿಲ್ಲ, ಕೈಗೆ ಗ್ಲೌಸ್ ಕೂಡ ಕೊಟ್ಟಿರಲಿಲ್ಲ. ಅವನದೇನೂ ತಪ್ಪಿಲ್ಲ.

ಫೋನ್ ಮಾಡಿದೆ. "ಮೈಲುತುತ್ತ ಹಾಕಿದ್ರ ಏನಾಯ್ತ್ರಿ, ಎಲ್ಲಾ ಕಡಿ ಹಾಕ್ತಾರ." ಕಾಕಾನ ಕೂದಲು? "ಶಾಂಪೂದಿಂದ ಆಗಿರ್ಬೇಕು ನೋಡ್ರಿ." ಮಕ್ಕಳ ಕಣ್ಣು? ಅದಕ್ಕೆ ಅವನು ಹೇಳಿದ್ದು ಕೇಳಿ: "ವಾಸನಿ ಬರ್ತದ, ಕ್ಲೋರಿನ್ ಕಡಿಮಿ ಮಾಡು ಅಂತ ನೀವ ಹೇಳೀರಲ್ರಿ ಸಾವ್ಕಾರ್ರ." ನನಗೆ ಮಾತೇ ಹೊರಡಲಿಲ್ಲ. ಹೌದು, ಹೇಳಿದ್ದೆ. ಆದರೆ ತಿಂಗಳಿಗೆ 5,000 ತೆಗೆದುಕೊಳ್ಳುವವನು ನೀನು, ತಪ್ಪು ಅಂತ ತಿದ್ದಬೇಕಾದವನು ನೀನಲ್ವಾ?

ಅಕ್ಕನ ಮಗ ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುತ್ತಾನೆ, ರಜೆಗೆ ಬಂದವನು ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್ ತರಿಸಿದ. ಅವನು ಹೇಳಿದ್ದು ಇಷ್ಟು. ಹಳದಿ ಬರುವ ಹನಿ ಓಟಿಓ, ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ, ಕೆಲಸ ಮುಗಿಸಿದ್ದನ್ನೂ ಸೇರಿಸಿ. ಡಿಪಿಡಿ ಒಂದನೇ ಗುಳಿಗೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ, ಅದು ಕೆಲಸಕ್ಕೆ ಉಳಿದಿರುವ ಕ್ಲೋರಿನ್. ನಮ್ಮ ನೀರಿನಲ್ಲಿ ಒಟ್ಟು 3, ಉಳಿದದ್ದು 0.3. ಇರಬೇಕಾದ್ದು 1ರಿಂದ 3 ಪಿಪಿಎಂ, ಅಂದರೆ ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ. ಅಂದರೆ ಅವನು ಹಳದಿ ತೋರಿಸಿ "ಮೂರು ಬಂತು" ಅಂದಾಗ ಮುಕ್ಕಾಲಿಗಿಂತ ಜಾಸ್ತಿ ಸತ್ತ ಕ್ಲೋರಿನ್ನೇ.

ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 8.1 ಬಂತು, 7.2ರಿಂದ 7.8ರ ಒಳಗಿರಬೇಕು. 8 ದಾಟಿದರೆ ಇರುವ ಅಷ್ಟಿಷ್ಟು ಕ್ಲೋರಿನ್ ಕೂಡ ಮಂಕಾಗುತ್ತದೆ. ಅವನು ನಮ್ಮಲ್ಲೇ ಬಿಟ್ಟು ಹೋಗಿದ್ದ ಡಬ್ಬಿ ತೆಗೆದು ನೋಡಿದರೆ ಹಳದಿ ಹನಿ ಬಾಟಲಿ ಅರ್ಧ ಖಾಲಿ, ಪಕ್ಕದಲ್ಲಿ ಪಿಎಚ್ ನೋಡುವ ಕೆಂಪು ಬಾಟಲಿಯ ಸೀಲ್ ಕೂಡ ಒಡೆದಿಲ್ಲ. ಏಳು ತಿಂಗಳು!

ಕೊನೆಗೆ ಸೈನೂರಿಕ್ ಆಸಿಡ್ ಪರೀಕ್ಷೆ. ತಳದಲ್ಲಿ ಕಪ್ಪು ಚುಕ್ಕೆ ಇರುವ ನಳಿಗೆಗೆ, ಪರೀಕ್ಷೆಯ ಔಷಧಿ ಬೆರೆಸಿ ಬೆಳ್ಳಗಾದ ನೀರು ಹನಿಹನಿಯಾಗಿ ಹಾಕಬೇಕು, ಚುಕ್ಕೆ ಮಾಯವಾದ ಗೆರೆಯೇ ಲೆಕ್ಕ. 30ರಿಂದ 50 ಇದ್ದರೆ ಒಳ್ಳೆಯದು, ಬಿಸಿಲಿಗೆ ಕ್ಲೋರಿನ್ ಹಾರಿ ಹೋಗದ ಹಾಗೆ ಕಾಯುತ್ತದೆ. ನಳಿಗೆಯಲ್ಲಿ ಕೆಳಗೆ ಹೋದಷ್ಟೂ ಗೆರೆಯ ಲೆಕ್ಕ ಜಾಸ್ತಿ, 100ರ ಗೆರೆ ತಳದ ಹತ್ತಿರ ಇರುತ್ತದೆ. ನಮ್ಮದು 100ರ ಗೆರೆ ಮುಟ್ಟುವ ಮೊದಲೇ ಚುಕ್ಕೆ ಕಾಣದಾಯಿತು, ಅಂದರೆ 100ಕ್ಕಿಂತ ಜಾಸ್ತಿ. ಇಷ್ಟು ಜಾಸ್ತಿಯಾದರೆ ಅದು ಕ್ಲೋರಿನ್‌ನ ಕೈ ಕಟ್ಟಿ ಹಾಕುತ್ತದೆ. ಇದು ಬಂದಿದ್ದು ಚಳಿಗಾಲ ಪೂರ್ತಿ ತೇಲುವ ಡಬ್ಬಿಯಲ್ಲಿ ಹಾಕಿದ ಟಿಸಿಸಿಎ ಬಿಲ್ಲೆಯಿಂದ. ಆ ಬಿಲ್ಲೆ 10 ಪಿಪಿಎಂ ಕ್ಲೋರಿನ್ ಕೊಟ್ಟರೆ ಜೊತೆಗೆ 6 ಪಿಪಿಎಂ ಇದನ್ನೂ ಬಿಡುತ್ತದೆ. ಕ್ಲೋರಿನ್ ಮುಗಿಯುತ್ತದೆ, ಇದು ನೀರಿನಲ್ಲೇ ಕೂರುತ್ತದೆ. ನೀರು ಬದಲಿಸದೆ ಬೇರೆ ದಾರಿಯೇ ಇಲ್ಲ.

"ನೀರು ಬದಲಿಸೋದು ನಮ್ಮ ಕಾಂಟ್ರ್ಯಾಕ್ಟ್‌ದಾಗ ಬರಂಗಿಲ್ರಿ." ಇದು ಅವನ ಕೊನೆ ಮಾತು. ಆಮೇಲೆ ಫೋನ್ ಎತ್ತಿಲ್ಲ, ಮೆಸೇಜ್‌ಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಇಲ್ಲ.

ವಿಜಯಪುರದ ಮೇ ತಿಂಗಳಲ್ಲಿ ಮುಕ್ಕಾಲು ಪೂಲ್ ಖಾಲಿ ಮಾಡಿದೆ. ಆ ನೀರನ್ನು ತೋಟಕ್ಕೂ ಬಿಡಲು ಮನಸ್ಸಾಗಲಿಲ್ಲ, ಹಿಂದಿನ ಕಲ್ಲು ನೆಲಕ್ಕೆ ಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಮತ್ತೆ ತುಂಬಲು 5,000 ಲೀಟರ್‌ನ ಎಂಟು ಟ್ಯಾಂಕರ್.

ಈಗ ನಾವೇ ನೋಡಿಕೊಳ್ಳುತ್ತೇವೆ. ದಿನಾ ಡಿಪಿಡಿ, ದಿನಾ ಪಿಎಚ್. ಸಂಜೆ ಬಿಸಿಲು ಇಳಿದ ಮೇಲೆ 10 ಪರ್ಸೆಂಟ್ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವ ಕ್ಲೋರಿನ್) ದ್ರಾವಣ. ನಮ್ಮ ಪೂಲಿಗೆ ಅರ್ಧ ಲೀಟರ್ ಹಾಕಿದರೆ 1 ಪಿಪಿಎಂ ಏರುತ್ತದೆ. ಇಷ್ಟೇ ಕೆಲಸ, ಇದಕ್ಕೆ ಸಾವಿರಗಟ್ಟಲೆ ಕೊಟ್ಟೆ ನಾನು. ಒಂದು ಮಾತು ನೆನಪಿಡಿ, ಡಿಪಿಡಿ ಗುಳಿಗೆ ಹಾಕಿದ ಕೂಡಲೇ ಗುಲಾಬಿ ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲ ಅಂತ ಅಲ್ಲ, ವಿಪರೀತ ಇದೆ ಅಂತ. ಆಗ ಮತ್ತೆ ಸುರಿಯಬೇಡಿ, ಮಕ್ಕಳನ್ನೂ ಇಳಿಸಬೇಡಿ.

ಯಾರನ್ನೇ ಇಡಿ, ಕಿಟ್ ನಿಮ್ಮದೇ ಇರಲಿ. ಹಳದಿ ತೋರಿಸಿದರೆ ಗುಲಾಬಿ ತೋರಿಸು ಅನ್ನಿ. ಕೆಂಪು ಬಾಟಲಿ ನಿಮ್ಮ ಎದುರಿಗೇ ತೆರೆಸಿ. ಆರು ತಿಂಗಳ ಮುಂಗಡ ಮಾತ್ರ ಯಾರಿಗೂ ಕೊಡಬೇಡಿ. ನನ್ನ ನಾಲ್ಕೂವರೆ ತಿಂಗಳದ 22,500 ಇನ್ನೂ ಅವನ ಹತ್ತಿರವೇ ಇದೆ.